ಸೆರಗು ಉಳಿದ ಸೀರೆ

ನೇಯುವುದನ್ನೂ ಜನ ಬಸ್ಸು ಮಾಡಿಕೊಂಡು ನೋಡಲು ಬರುತ್ತಾರೆಂದು ಯಾರಾದರೂ ಹೇಳಿದ್ದರೆ ಮಾಯವ್ವ ನಂಬುತ್ತಿರಲಿಲ್ಲ. ಆದರೆ ಬಾಗಲಕೋಟೆ ಜಿಲ್ಲೆಯಾದ ಮರುವರ್ಷದಿಂದ ಅವರು ಬಂದೇ ಬಂದರು. ಮಿರಜ, ಸಾಂಗಲಿಯಿಂದ ಆಲಮಟ್ಟಿ, ಬಾದಾಮಿ ನೋಡಲು ಹೊರಟ ಬಸ್ಸುಗಳು ಬನಹಟ್ಟಿಯಲ್ಲಿ ನಿಂತವು. ಪವರ್‌ಲೂಮಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಓಣಿ ಓಣಿ ತಿರುಗಿದವರು ಕೊನೆಗೆ ಅಪ್ಪಾಸಾಬನ ಸೀರೆ ಅಂಗಡಿಯ ಕೈಮಗ್ಗದ ಮುಂದೆ ಮುಗಿಬೀಳುತ್ತಿದ್ದರು. ಆ ಮಗ್ಗದಲ್ಲಿ ಕೂರುತ್ತಿದ್ದವಳು ಮಾಯವ್ವ. ಸೀರೆ ಮಗ್ಗದಿಂದ ಇಳಿಯುವ ಮೊದಲೇ ಇಬ್ಬರು ಹೆಂಗಸರು ಅದು ತನಗೆ ಬೇಕು, ತನಗೆ ಬೇಕೆಂದು ಜಗಳ ತೆಗೆಯುತ್ತಿದ್ದರು.

ಊರಲ್ಲಿ ಎರಡು ಲಾಡ್ಜು, ನಾಲ್ಕು ಖಾನಾವಳಿ ಎದ್ದವು. ವ್ಯಾಪಾರಿಗಳ ಬುದ್ಧಿಯೂ ಚುರುಕಾಯಿತು ನೋಡಿ, ಸೂರತ್ತಿನ ಸೀರೆ ತರಿಸಿ ಬನಹಟ್ಟಿಯ ಚೀಟಿ ಅಂಟಿಸಿದರು. ಕೊಂಡವರೇನು ಕುರುಡರೇ? ಮನೆಗೆ ಒಯ್ದು ಒಮ್ಮೆ ಒಗೆದರು, ಬಣ್ಣ ಬಯಲಾಯಿತು. ಹತ್ತು ವರ್ಷ ತುಂಬುವಷ್ಟರಲ್ಲಿ ಬಸ್ಸುಗಳು ಊರ ಹೊರಗಿಂದಲೇ ಹೋಗತೊಡಗಿದವು. ಲಾಡ್ಜಿನ ಕೋಣೆಗಳಲ್ಲಿ ನೂಲಿನ ಮೂಟೆ ಒಟ್ಟಿದರು.

ಅಂಥ ದಿನಗಳಲ್ಲಿ ಮಾಯವ್ವ ಮಗಳು ಭಾಗ್ಯಾಳ ಮದುವೆಗೆ ಒಂದು ರೇಷ್ಮೆ ಸೀರೆ ಕೇಳಿದಳು. ಊರವರಿಗೆಲ್ಲ ನೇಯ್ದ ಕೈಯಿಂದ ಮಗಳಿಗೊಂದು ನೇಯ್ದು ಉಡಿಸಬೇಕು, ಅದೊಂದೇ ಆಸೆ.

"ಮಗ್ಗಕ್ಕ ಏರಿಸಿದ ರೇಷ್ಮಿ ಸೀರಿ ನಿಂದ ತಿಳಕೊ ಮಾಯವ್ವ," ಎಂದ ಅಪ್ಪಾಸಾಬ. "ಆದ್ರ ಜನಾ ಬಂದಾಗಷ್ಟ ನೇಯಬೇಕು. ಮುಗದ್ರ ತೋರಸಾಕ ಏನ ಉಳೀತೈತಿ? ಇನ್ನೊಂದಕ್ಕ ಮತ್ತ ರೇಷ್ಮಿ ತರೂ ಶಕ್ತಿ ನನಗಿಲ್ಲ."

ಜಗ್ಗಿ ಕೂತರೆ ಹದಿನೈದು ದಿನದ ಕೆಲಸ. ಆದರೆ ಮಾಯವ್ವ ಮಾತಿಗೆ ತಪ್ಪದ ಹೆಂಗಸು, ಅದೇ ಅವಳ ಕರ್ಮ. ಬಸ್ಸು ಬಂದರೆ ಗೇಣು ನೇಯುವಳು. ಬರದಿದ್ದರೆ ಲಾಳಿ ಮುಟ್ಟದೆ ರಸ್ತೆ ನೋಡುತ್ತ ಕೂರುವಳು. ಮದುವೆ ಬಂದಾಗ ಸೀರೆ ಅರ್ಧವೂ ಆಗಿರಲಿಲ್ಲ. ಭಾಗ್ಯಾ ಅಂಗಡಿಯ ಸೀರೆ ಉಟ್ಟು ಗಲಗಲಿಯ ಗಂಡನ ಮನೆಗೆ ಹೋದಳು. ಇರಲಿ, ಬಸುರಿಯಾದಾಗ ಸೀಮಂತದ ಕುಬಸಕ್ಕೆ ಉಡಿಸಿದರಾಯಿತು ಎಂದು ಮಾಯವ್ವ ಸಮಾಧಾನ ತಂದುಕೊಂಡಳು. ಎರಡು ವರ್ಷ ಬಿಟ್ಟು ಕುಬಸದ ದಿನ ಗೊತ್ತಾದಾಗ ಸೀರೆಯ ಮೈಯೆಲ್ಲ ಮುಗಿದು ಸೆರಗೊಂದೇ ಉಳಿದಿತ್ತು.

ಇನ್ನೈದು ದಿನಕ್ಕೆ ಕುಬಸ ಎನ್ನುವಾಗ ಅಂಗಡಿಯ ಮುಂದೆ ಟೆಂಪೋ ನಿಂತಿತು. ವ್ಯಾಪಾರವಿಲ್ಲದೆ ಅಪ್ಪಾಸಾಬ ಅಂಗಡಿಯನ್ನೇ ಮುಚ್ಚುತ್ತಿದ್ದ. ಮಗ್ಗವನ್ನು ಬಾದಾಮಿ ಕಡೆಯ ಒಂದು ರೆಸಾರ್ಟಿಗೆ ಕೊಟ್ಟಿದ್ದ. ಒಯ್ಯಲು ಬಂದ ಮ್ಯಾನೇಜರ್ ವೈಭವನ ಮುಂದೆ ಮಾಯವ್ವ ಕೈಮುಗಿದಳು.

"ನಾಕ ದಿನಾ ತಡೀರಿ ಸಾಹೇಬ್ರ, ಸೆರಗ ಮುಗಸ್ತೇನಿ."

"ಟೆಂಪೋ ಇವತ್ತ ವಾಪಸ್ ಹೋಗಬೇಕ್ರಿ. ಬಂದವರಿಗೆ ತೋರಸಾಕ ಮಗ್ಗಾ ಒಂದಿದ್ರ ಸಾಕು. ಮುಂದ ಒಂದ ಗೊಂಬಿ ಕೂಡಸ್ತೇವಿ."

ಅಪ್ಪಾಸಾಬನಿಗೆ ಅವಳ ಮುಖ ನೋಡಲಾಗಲಿಲ್ಲ. ಕತ್ತರಿ ತೆಗೆದು ಮುಂದೆ ಚಾಚಿದ. "ಆದಷ್ಟ ಕೊಯ್ಕೊ ಮಾಯವ್ವ. ಮಾತ ಕೊಟ್ಟೇನಿ, ಅದು ನಿಂದ."

ಮಾಯವ್ವ ಹಿಂದೆ ಸರಿದಳು. ಅವರ ಮನೆತನದಲ್ಲಿ ಮುಗಿಯದ ಸೀರೆಗೆ ಯಾರೂ ಕತ್ತರಿ ಹಾಕಿದ್ದಿಲ್ಲ. "ಬ್ಯಾಡ್ರಿ. ನಡುವ ಕೊಯ್ದದ್ದು ಉಟ್ಟಾಕಿಗೆ ಛಲೋ ಆಗೂದಿಲ್ಲ. ಅದೂ ಬಸುರಿಗೆ."

ಎಳೆ ಸಿಕ್ಕಾಗದಂತೆ ಸೀರೆಯನ್ನು ತಾನೇ ಸುತ್ತಿ, ನಾಲ್ಕು ಕಡೆ ಕಟ್ಟಿ, ಮಗ್ಗದ ಸಮೇತ ಟೆಂಪೋಕ್ಕೆ ಏರಿಸಿಕೊಟ್ಟಳು. ಅದು ಜಮಖಂಡಿ ರಸ್ತೆಗೆ ತಿರುಗುವವರೆಗೂ ನಿಂತಿದ್ದಳು.

ಕುಬಸದ ದಿನ ಭಾಗ್ಯಾ ಮತ್ತೆ ಅಂಗಡಿಯ ಸೀರೆಯಲ್ಲೇ ಕೂತಳು. ಉಡಿ ತುಂಬಲು ಬಗ್ಗಿದ ತಾಯಿ ಅವಳ ಕಿವಿಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು.

"ಕೊಯ್ಕೊಂಡ ಬರಬೇಕಿತ್ತ ಬೇ," ಎಂದಳು ಭಾಗ್ಯಾ ಮೆಲ್ಲಗೆ. "ಉಡಾಕ ಬರದಿದ್ರ ಏನಾತು, ಕೂಸಿನ ತಲಿಗೆ ಹಾಕಾಕ ಕುಂಚಗಿ ಹೊಲಸ್ತಿದ್ನೆಲ್ಲ."

ಮಾಯವ್ವನಿಗೆ ಅದು ಹೊಳೆದೇ ಇರಲಿಲ್ಲ. ಬೊಗಸೆಯ ಅಕ್ಕಿ ಮಗಳ ಉಡಿಗೆ ಅರ್ಧ ಬಿತ್ತು, ನೆಲಕ್ಕೆ ಅರ್ಧ ಬಿತ್ತು.