ದಮಯಂತಿ ಟೀಚರ್ ಬರೆದ ಷರಾ

ಬಂಟ್ವಾಳದಲ್ಲಿ ಮುಖ್ಯ ಶಿಕ್ಷಕರ ಸಭೆ ನಡೆದಾಗಲೆಲ್ಲ ಅಧಿಕಾರಿಗಳ ಬಾಯಲ್ಲಿ ಒಂದೇ ಮಾತು: “ತ್ರಿಶಲಾ ಟೀಚರನ್ನು ನೋಡಿ ಕಲಿಯಿರಿ.” ಅದನ್ನು ಕೇಳಿದಾಗ ಸಿದ್ಧಕಟ್ಟೆ ಕಡೆಯ ಸರಕಾರಿ ಶಾಲೆಯ ಮುಖ್ಯ ಶಿಕ್ಷಕಿ ದಮಯಂತಿಯ ಹೊಟ್ಟೆಯಲ್ಲಿ ಮೆಣಸು ಅರೆದ ಹಾಗಾಗುತ್ತಿತ್ತು.

ಇಬ್ಬರೂ ಮೂಡುಬಿದಿರೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಶಿಕ್ಷಕ ತರಬೇತಿ ಮುಗಿಸಿದವರು. ತ್ರಿಶಲಾಳಿಗೆ ಪಾಠಯೋಜನೆ ಬರೆಯಲು ಹೇಳಿಕೊಟ್ಟದ್ದೇ ದಮಯಂತಿ. ಆದರೆ ಪುಂಜಾಲಕಟ್ಟೆ ಹತ್ತಿರದ ತ್ರಿಶಲಾಳ ಶಾಲೆಯಲ್ಲಿ ಆರು ವರ್ಷದ ಹಿಂದೆ ಮೂವತ್ತೆಂಟು ಇದ್ದ ಮಕ್ಕಳು ಈಗ ಇನ್ನೂರು ದಾಟಿದ್ದರು. ದಮಯಂತಿಯ ಶಾಲೆಯಲ್ಲಿ ಎಪ್ಪತ್ತು ಇದ್ದದ್ದು ನಲವತ್ತಕ್ಕೆ ಇಳಿದಿತ್ತು. ಅಷ್ಟು ಮಕ್ಕಳು ಸುಮ್ಮನೆ ಬರುವುದುಂಟಾ? ಏನೋ ಸುಳ್ಳು ಹೆಸರು ಸೇರಿಸಿರಬೇಕು ಎಂದು ಅವಳಿಗೆ ಅನುಮಾನ. ಮುಖ್ಯ ಶಿಕ್ಷಕರೇ ಬೇರೆ ಶಾಲೆಗೆ ಹೋಗಿ ಮಾಡುವ ದಾಖಲಾತಿ ಪರಿಶೀಲನೆಗೆ ಆ ವರ್ಷ ತ್ರಿಶಲಾಳ ಶಾಲೆಯೇ ತನ್ನ ಪಾಲಿಗೆ ಬಂದಾಗ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟಳು.

ಒಂದೊಂದೇ ತರಗತಿಗೆ ಹೋಗಿ ತಲೆ ಎಣಿಸಿದಳು. ನಾಲ್ಕನೆಯವರೆಗೆ ಎಲ್ಲ ಸರಿ ಇತ್ತು. ಐದನೆಯದರಲ್ಲಿ ಒಂದು ತಲೆ ಕಡಿಮೆ. ಫರ್ಹಾನ ಎಂಬ ಹುಡುಗಿಯ ಹೆಸರಿನ ಮುಂದೆ ದಿನವೂ ಹಾಜರಿ ಬಿದ್ದಿತ್ತು, ಹುಡುಗಿ ಮಾತ್ರ ಇರಲಿಲ್ಲ.

“ಇವಳೆಲ್ಲಿ?” ದಮಯಂತಿ ಆದಷ್ಟು ಸಪ್ಪೆಯಾಗಿ ಕೇಳಿದಳು.

ತ್ರಿಶಲಾ ಹಾಜರಿ ಪುಸ್ತಕ ಮುಚ್ಚಿದಳು. “ಮನೆಯಲ್ಲಿದ್ದಾಳೆ ಅಕ್ಕ. ಬನ್ನಿ, ಹೋಗುವ.”

ಗುಡ್ಡದ ಬದಿಯ ಮನೆಯ ಜಗಲಿಯಲ್ಲಿ ಫರ್ಹಾನಳ ಅಜ್ಜಿ ರುಖಿಯಮ್ಮ ಬೀಡಿ ಕಟ್ಟುತ್ತಿದ್ದರು. ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದ ಹುಡುಗಿಯ ಕಾಲುಗಳಲ್ಲಿ ನಡೆಯುವಷ್ಟು ಬಲವಿರಲಿಲ್ಲ. ತೊಡೆಯ ಮೇಲೆ ಪಾಠಪುಸ್ತಕ ತೆರೆದಿತ್ತು.

“ಶಾಲೆ ಬಿಟ್ಟ ಮೇಲೆ ಟೀಚರ್ ದಿನಾ ಬರ್ತಾರೆ,” ರುಖಿಯಮ್ಮ ಹೇಳಿದರು. “ಇವಳ ಅಮ್ಮನಿಗೆ ಕಲಿಸುವವರು ಯಾರೂ ಇರಲಿಲ್ಲ. ಇವಳಾದರೂ ಓದಲಿ ಅಂತ ನಾನೇ ಹೋಗಿ ಕೇಳಿದ್ದು.”

ಫರ್ಹಾನ ಯಾರೂ ಹೇಳದೆಯೇ ಒಂದು ಪುಟ ಓದಿದಳು, ಎಲ್ಲೂ ತಡವರಿಸದೆ. ತನ್ನ ಶಾಲೆಯ ಐದನೆಯವರಲ್ಲಿ ಇಷ್ಟು ಚೆನ್ನಾಗಿ ಓದುವವರು ಎಷ್ಟು ಮಂದಿ ಎಂದು ದಮಯಂತಿಯ ಮನಸ್ಸು ಲೆಕ್ಕ ಹಾಕಿತು. ಮೆಣಸು ಇನ್ನಷ್ಟು ಉರಿಯಿತು.

ಮನೆಗೆ ಬಂದು ಅವಳು ವರದಿಯಲ್ಲಿ ಷರಾ ಬರೆದಳು: ‘ಗೈರುಹಾಜರಾದ ವಿದ್ಯಾರ್ಥಿನಿಗೆ ಹಾಜರಿ ನೀಡಲಾಗಿದೆ.’ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಜಗಲಿಯ ವಿಷಯ ಮಾತ್ರ ಬರೆಯಲಿಲ್ಲ.

ತ್ರಿಶಲಾಳಿಗೆ ನೋಟಿಸು ಹೋಯಿತು. ಜಿಲ್ಲಾ ಉತ್ತಮ ಶಿಕ್ಷಕಿ ಪ್ರಶಸ್ತಿಯ ಪಟ್ಟಿಯಿಂದ ಅವಳ ಹೆಸರು ತೆಗೆದರು. ಸುದ್ದಿ ಕೇಳಿದ ದಿನ ದಮಯಂತಿ ಎರಡು ತುತ್ತು ಹೆಚ್ಚೇ ಉಂಡಳು. ಮೂರನೆಯ ದಿನ ತ್ರಿಶಲಾಳ ಫೋನು ಬಂತು.

“ಅಕ್ಕ, ಫರ್ಹಾನಳನ್ನು ಮನೆಯಲ್ಲೇ ಕಲಿಯುವ ಮಗು ಅಂತ ದಾಖಲಿಸಬೇಕಂತೆ. ನನಗೆ ಈ ಕಾಗದಪತ್ರ ತಲೆಗೆ ಹೋಗುವುದಿಲ್ಲ. ನಿಮಗೆ ಗೊತ್ತುಂಟಲ್ಲ, ಬರೆದುಕೊಡ್ತೀರಾ?”

ದಮಯಂತಿ ಉತ್ತರ ಸಿದ್ಧ ಮಾಡಿಟ್ಟದ್ದು ಬೈಗುಳಕ್ಕೆ. “ಆ ಷರಾ ಬರೆದದ್ದು ನಾನು,” ಎಂದಳು.

“ಗೊತ್ತುಂಟು. ಬೇಸರ ಆಗಿತ್ತು. ಎರಡು ದಿನ ನಿಮ್ಮ ಹೆಸರು ಎತ್ತಿದರೆ ಆಗುತ್ತಿರಲಿಲ್ಲ. ಆದರೆ ಮಗುವಿನ ಕೆಲಸ ಆಗಬೇಕಲ್ಲ.”

ದಮಯಂತಿ ಅರ್ಜಿ ಬರೆದಳು. ಬೆಳ್ತಂಗಡಿಯ ಆಸ್ಪತ್ರೆಯಲ್ಲಿದ್ದ ಹಳೆಯ ಚಿಕಿತ್ಸೆಯ ಕಾಗದಗಳನ್ನು ತರಲು ರುಖಿಯಮ್ಮನನ್ನು ತಾನೇ ಕರೆದುಕೊಂಡು ಹೋದಳು. ಎರಡು ತಿಂಗಳಲ್ಲಿ ಫರ್ಹಾನಳ ಹೆಸರು ಸರಿಯಾದ ಪಟ್ಟಿಗೆ ಸೇರಿತು, ಮನೆಗೆ ಬಂದು ಕಲಿಸುವ ವಿಶೇಷ ಶಿಕ್ಷಕಿಯೂ ಸಿಕ್ಕಿದರು. ದಮಯಂತಿ ಅಧಿಕಾರಿಗಳ ಮುಂದೆ ಕೂತು, ತಾನು ಬರೆಯದೆ ಬಿಟ್ಟದ್ದನ್ನೂ ಹೇಳಿದಳು. ಪ್ರಶಸ್ತಿ ಅಷ್ಟರೊಳಗೆ ಬೇರೆಯವರ ಪಾಲಾಗಿತ್ತು.

ಮೇ ತಿಂಗಳಲ್ಲಿ ದಮಯಂತಿ ಸಿದ್ಧಕಟ್ಟೆಯ ಸುತ್ತ ಮನೆಮನೆ ಹತ್ತಿ ಇಳಿದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಮಕ್ಕಳನ್ನು ಕರೆಯಲು ಹೀಗೆ ಹೋದದ್ದು ಅದೇ ಮೊದಲು. ಹನ್ನೊಂದು ಮಕ್ಕಳು ಹೊಸದಾಗಿ ಸೇರಿದರು. ಹನ್ನೊಂದನೆಯ ಮಗು ಸೇರಿದ ಸಂಜೆಯೇ ತಡೆಯಲಾಗದೆ ತ್ರಿಶಲಾಳಿಗೆ ಫೋನು ಮಾಡಿದಳು.

“ನಿಮ್ಮಲ್ಲಿ ಈ ಸಲ ಎಷ್ಟು?”

“ಹತ್ತೊಂಬತ್ತು ಅಕ್ಕ. ನಿಮ್ಮಲ್ಲಿ?”

“ಹನ್ನೊಂದು,” ಎಂದು ಹೇಳಿ ದಮಯಂತಿ ಫೋನು ಇಟ್ಟಳು. ಸಿದ್ಧಕಟ್ಟೆಯಲ್ಲಿ ಹೋಗದೆ ಉಳಿದ ಮನೆಗಳು ಯಾವುವು ಎಂದು ಪಟ್ಟಿ ತೆಗೆದು ಕೂತಳು.