ಏರಿಸಿದರೆ ಇಳಿಯುವ ಕಾವು

“ಒಂಬತ್ತನೇ ಕ್ಲಾಸ್ ಫೇಲಾದೋನು ನನ್ನ ಬ್ಯಾರನ್‌ಗೆ ಕಂಪ್ಯೂಟ್ರು ಕೂರ್ಸವ್ನೆ, ನೋಡ್ರವ್ವ! ಚಿನ್ನದಂಗೆ ಬರ್ಬೇಕಾದ ಸೊಪ್ಪ ಸಗಣಿ ಮಾಡವ್ನೆ!”

ನಂಜುಂಡೇಶಣ್ಣ ಹೀಗೆ ಕೂಗಿದಾಗ, ಒಲೆಯ ಕಾವಿನಲ್ಲಿ ಸೊಪ್ಪು ಹದ ಮಾಡುವ ಬ್ಯಾರನ್‌ನಿಂದ ಹೊಗೆಸೊಪ್ಪು ಇಳಿಸುತ್ತಿದ್ದ ಎಂಟು ಹೆಂಗಸರೂ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ಅವರಲ್ಲಿ ಚಾಮುಂಡಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಫೇಲಾದವನಲ್ಲ, ಬಿಟ್ಟವನು. ಆದರೆ ಆ ಸೊಪ್ಪಿನ ಮುಂದೆ ನಿಂತು ಅದನ್ನು ಹೇಳುವುದು ಹೇಗೆ? ಹಳದಿಯಾಗಬೇಕಿದ್ದ ಎಲೆ ಕಂದಾಗಿ, ಅಲ್ಲಲ್ಲಿ ಕಪ್ಪು ತಿರುಗಿತ್ತು.

“ಎಂಗಾಯ್ತಣ್ಣ ಇದು?” ಎಂದೆ.

“ನನ್ನ ಕೇಳ್ತೀಯಾ? ನಾನು ಏರಿಸ್ತೀನಿ, ಅದು ಇಳಿಸ್ತದೆ. ಮತ್ತೆ ಏರಿಸ್ತೀನಿ, ಮತ್ತೆ ಇಳಿಸ್ತದೆ. ದೆವ್ವ ಕೂರ್ಸಿದೀಯಾ ಅದ್ರೊಳಗೆ? ನಾಳಿದ್ದು ಇನ್ನೊಂದು ಲೋಡು ತುಂಬ್ಸಬೇಕು. ಅಷ್ಟ್ರೊಳಗೆ ಸರಿ ಮಾಡು. ಇಲ್ದಿದ್ರೆ ನಿನ್ ಪೆಟ್ಟಿಗೆ ಕಿತ್ಕೊಂಡು ಓಯ್ತಾ ಇರು.”

ಹುಣಸೂರು ಬಸ್ ಸ್ಟ್ಯಾಂಡ್ ಹಿಂದೆ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಆ ಪೆಟ್ಟಿಗೆಯನ್ನು ಅಲ್ಲೇ ಕೂತು ನಾಲ್ಕು ತಿಂಗಳು ಮಾಡಿದ್ದೆ. ಒಳಗೆ ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು, ಕಾವು ಅಳೆಯುವ ಸೆನ್ಸರ್, ಒಲೆಗೆ ಗಾಳಿ ಊದುವ ಫ್ಯಾನಿಗೊಂದು ಸ್ವಿಚ್ಚು. ಫೋನಿನ ಆ್ಯಪ್ ತೆಗೆದರೆ ಮೇಲೆ ಬ್ಯಾರನ್‌ನ ಕಾವು ದೊಡ್ಡ ಅಂಕಿಯಲ್ಲಿ ಕಾಣುತ್ತದೆ. ಕೆಳಗೊಂದು ಗೆರೆ, ಗೆರೆಯ ಮೇಲೆ ಜಾರುವ ಗುಂಡಿ. ಎಡತುದಿ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್, ಬಲತುದಿ ನೂರ ಎಪ್ಪತ್ತು. ಎಷ್ಟಕ್ಕೆ ಜಾರಿಸುತ್ತೀಯೋ ಅಷ್ಟಕ್ಕೆ ಬೋರ್ಡು ಫ್ಯಾನನ್ನು ಹಾಕಿ, ಆರಿಸಿ, ಕಾವನ್ನು ತಂದು ನಿಲ್ಲಿಸಬೇಕು.

ಬೋರ್ಡೂ ಫೋನೂ ಮಾತಾಡಿಕೊಳ್ಳುವ ಕೋಡು ನಾನು ಬರೆದದ್ದಲ್ಲ. ಅಂಥದ್ದನ್ನು ಯಾರೋ ಬರೆದು ಲೈಬ್ರರಿ ಎಂದು ಹೆಸರಿಟ್ಟು ನೆಟ್‌ನಲ್ಲಿ ಹಾಕಿರುತ್ತಾರೆ. ಇಳಿಸಿಕೊಂಡು ಅದಕ್ಕೆ ನಮ್ಮ ನಾಲ್ಕು ಸಾಲು ಅಂಟಿಸುವುದು. ಬ್ಯಾರನ್ ಏನೆಂದೇ ಗೊತ್ತಿಲ್ಲದ ಯಾವನೋ ಬರೆದದ್ದನ್ನು ನಂಬಿ ನಾನು ಬೇರೆಯವರ ಸೊಪ್ಪು ಬೇಯಿಸಲು ಹೊರಟಿದ್ದೆ. ಈ ಪೆಟ್ಟಿಗೆ ಇಲ್ಲಿ ನಿಂತರೆ ಊರಿನ ಇನ್ನೂ ನಾಲ್ಕು ಬ್ಯಾರನ್‌ಗಳಿಗೆ ಹೋಗುತ್ತದೆ. ಇಲ್ಲಿಂದ ಕಿತ್ತರೆ ಪಿರಿಯಾಪಟ್ಟಣದವರೆಗೂ ಯಾರೂ ನನ್ನನ್ನು ಒಲೆ ಹತ್ತಿರ ಬಿಡುವುದಿಲ್ಲ.

ಪೆಟ್ಟಿಗೆ ಬಿಚ್ಚಿ ಅಂಗಡಿಗೆ ತಂದೆ. ಗುಂಡಿಯನ್ನು ನೂರಿಪ್ಪತ್ತಕ್ಕೆ ಇಟ್ಟೆ. ಆ್ಯಪ್ ತೆರೆದ ಫೋನನ್ನು ಚಾರ್ಜಿಗೆ ಹಾಕಿ ಮೇಜಿನ ಮೇಲಿಟ್ಟು, ಸಂಜೆವರೆಗೂ ಎರಡು ಪಂಪಿನ ಕಾಯಿಲ್ ಸುತ್ತಿದೆ. ನೂರಿಪ್ಪತ್ತು ನೂರಿಪ್ಪತ್ತೇ. ಗುಂಡಿ ಒಂದು ಡಿಗ್ರಿ ಅಲುಗಲಿಲ್ಲ.

ನನಗೆ ಹುಚ್ಚು ಹಿಡಿದ ಹಾಗಾಯಿತು. ಕೆಟ್ಟಿದ್ದರೆ ರಿಪೇರಿ ಮಾಡಬಹುದು. ಕೆಡದೇ ಇರುವುದನ್ನು ಏನು ರಿಪೇರಿ ಮಾಡುವುದು? ಸೆನ್ಸರ್ ಬದಲಾಯಿಸಿದೆ. ಸ್ವಿಚ್ಚು ಬದಲಾಯಿಸಿದೆ. ಲೈಬ್ರರಿಯ ಜೊತೆ ಕೊಟ್ಟಿದ್ದ ಇಂಗ್ಲಿಷ್ ವಿವರಣೆಯನ್ನು ಫೋನಿಗೆ ಕೊಟ್ಟು ಕನ್ನಡ ಮಾಡಿಸಿದೆ. “ಸಂಪರ್ಕವಾದ ಕೂಡಲೇ ದೂರವಾಣಿಯ ಮೌಲ್ಯಗಳು ಫಲಕಕ್ಕೆ ಬರೆಯಲ್ಪಡುತ್ತವೆ” ಎಂದಿತ್ತು. ಬರೆಯಲ್ಪಡಲಿ, ಒಳ್ಳೆಯದೇ ಅಲ್ಲವಾ? ಮೊದಲೇ ಮೂರು ಸಲ ಓದಿದ್ದ ಸಾಲು. ನಾಲ್ಕನೇ ಸಲವೂ ಅದರಲ್ಲಿ ನನಗೇನೂ ಕಾಣಲಿಲ್ಲ.

ಮಾರನೇ ದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಮತ್ತೆ ಕೂರಿಸಿ, ಖಾಲಿ ಬ್ಯಾರನ್‌ಗೇ ಒಲೆ ಹಚ್ಚಿಸಿದೆ.

“ಸೌದೆ ನಿಮ್ಮಪ್ಪ ತಂದಾಕ್ತಾನಾ?” ಎಂದು ನಂಜುಂಡೇಶಣ್ಣ ಗೊಣಗಿದರೂ ಬಂದು ಕಟ್ಟೆಯ ಮೇಲೆ ಕೂತರು.

“ಅಣ್ಣಾ, ನೀವು ದಿನಾ ಎಂಗೆ ಮಾಡ್ತಿದ್ರೋ ಅಂಗೇ ಮಾಡಿ. ನಾನು ಸುಮ್ನೆ ನೋಡ್ತೀನಿ.”

ಅವರು ಗುಂಡಿಯನ್ನು ನೂರಿಪ್ಪತ್ತಕ್ಕೆ ಜಾರಿಸಿದರು. ಫ್ಯಾನು ತಿರುಗಿತು. ಒಂದು ಗಂಟೆಯಲ್ಲಿ ಕಾವು ನೂರ ಹದಿನೆಂಟಕ್ಕೆ ಬಂತು. ಪಕ್ಕದ ಚಪ್ಪರದಲ್ಲಿ ಹೆಂಗಸರು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ನಮ್ಮ ಕಡೆ ನೋಡಿ ನಗುತ್ತಿದ್ದರು. ನಂಜುಂಡೇಶಣ್ಣನ ಹೆಂಡತಿ ಗುರುಶಾಂತಮ್ಮನವರು ಕಾಫಿ ಕೊಟ್ಟು, “ಬೈದ್ರೂಂತ ಮನ್ಸಿಗೆ ಆಕ್ಕೋಬ್ಯಾಡ ಕಣಪ್ಪ” ಎಂದರು. ಹಾಕಿಕೊಳ್ಳದೆ ಇರುವುದು ಹೇಗೆ ಎಂದು ಮಾತ್ರ ಹೇಳಲಿಲ್ಲ.

ಆಗ ಪಕ್ಕದ ಹೊಲದ ಮಂಚಯ್ಯ ಬಂದ.

“ಏನ್ ಗೌಡ್ರೇ, ಎಷ್ಟ್ ಡಿಗ್ರಿ ಅದೆ?”

“ಅದೆ ಬುಡು, ಸುಮಾರಾಗಿ” ಎಂದರು ನಂಜುಂಡೇಶಣ್ಣ. ಅನ್ನುತ್ತಲೇ ಹೆಬ್ಬೆರಳಿನಿಂದ ಆ್ಯಪನ್ನು ಮೇಲಕ್ಕೆ ತಳ್ಳಿ ಮುಚ್ಚಿ, ಫೋನನ್ನು ಜೇಬಿಗೆ ಹಾಕಿಕೊಂಡರು.

ನಮ್ಮ ಕಡೆ ಬ್ಯಾರನ್ ಕಾವನ್ನು ಯಾರೂ ಹೊರಗಿನವರಿಗೆ ಹೇಳುವುದಿಲ್ಲ, ತೋರಿಸುವುದೂ ಇಲ್ಲ. ಕಣ್ಣು ಬಿದ್ದರೆ ಸೊಪ್ಪು ಕೆಡುತ್ತದೆ. ಹಿಂದೆ ಯಾರಾದರೂ ಬಂದರೆ ಥರ್ಮಾಮೀಟರ್ ನೋಡುವ ಗಾಜಿನ ಕಿಂಡಿಗೆ ಗೋಣಿತಾಟು ಇಳಿಬಿಡುತ್ತಿದ್ದರು. ಈಗ ಆ್ಯಪ್ ಮುಚ್ಚುತ್ತಾರೆ. ಹಾಗೆ ಮೇಲಕ್ಕೆ ತಳ್ಳಿದರೆ ಮುಚ್ಚಿಕೊಳ್ಳುತ್ತದೆಂದು ಹೇಳಿಕೊಟ್ಟವನು ನಾನೇ.

ಮಂಚಯ್ಯ ಬೀಡಿ ಸೇದಿ ಹೋದ. ಅಣ್ಣ ಆ್ಯಪ್ ತೆರೆದರು. ಕಾವು ನೂರ ಹದಿನೆಂಟೇ ಇತ್ತು. ಆದರೆ ತಿರುಗುತ್ತಿದ್ದ ಫ್ಯಾನು ಟಪ್ಪನೆ ನಿಂತಿತು. ಗುಂಡಿ ಎಡತುದಿಗೆ ಹೋಗಿ ಕೂತಿತ್ತು.

“ನೋಡ್ದಾ? ಈಗ ಇಳೀತದೆ ನೋಡ್ತಿರು!” ಎಂದು ಅಣ್ಣ ಕೂಗಿದರು.

ಇಳಿಯಿತು. ನೂರ ಹದಿನೈದು. ನೂರ ಹತ್ತು.

ಮೊದಲು ನನಗೆ ಏನೂ ಹೊಳೆಯಲಿಲ್ಲ. ಮಂಚಯ್ಯನ ಕಣ್ಣೇ ತಾಗಿತೇನೋ ಅಂತ ಒಂದು ಗಳಿಗೆ ಅನ್ನಿಸಿದ್ದೂ ನಿಜ. ಅವರ ಕೈಯಿಂದ ಫೋನು ಕಿತ್ತುಕೊಂಡು ಮುಚ್ಚಿದೆ, ತೆರೆದೆ. ಗುಂಡಿಯನ್ನು ಬಲಕ್ಕೆ ಎಳೆದೆ, ಮುಚ್ಚಿದೆ, ತೆರೆದೆ. ಎಡತುದಿ. ಮತ್ತೆ ಎಡತುದಿ. ಆಗ ಆ ದರಿದ್ರ ಸಾಲು ಅರ್ಥವಾಯಿತು. ಮುಚ್ಚಿ ತೆರೆದ ಆ್ಯಪ್‌ಗೆ ಹಿಂದಿನದು ಯಾವುದೂ ನೆನಪಿರುವುದಿಲ್ಲ. ಅದರ ಗುಂಡಿ ಮೊದಲಿಂದ ಶುರು, ತೊಂಬತ್ತರಿಂದ. ಸಂಪರ್ಕವಾದ ಕೂಡಲೇ ಲೈಬ್ರರಿ ಆ ತೊಂಬತ್ತನ್ನೇ ಬೋರ್ಡಿಗೆ ಬರೆಯುತ್ತದೆ. ಬೋರ್ಡು ಫ್ಯಾನ್ ಆರಿಸುತ್ತದೆ. ಅಂಗಡಿಯಲ್ಲಿ ಇಡೀ ದಿನ ನಾನು ಆ್ಯಪ್ ಮುಚ್ಚಿಯೇ ಇರಲಿಲ್ಲ. ದಿನಕ್ಕೆ ಹತ್ತು ಜನ ಬ್ಯಾರನ್ ಹತ್ತಿರ ಬಂದರೆ ಹತ್ತು ಸಲ ಸೊಪ್ಪು ಬೆವೆತು ತಣ್ಣಗಾಗುತ್ತದೆ.

ಲ್ಯಾಪ್‌ಟಾಪ್ ತೆಗೆದು ಲೈಬ್ರರಿಯವರು ಕೊಟ್ಟಿದ್ದ ಮಾದರಿ ಕೋಡನ್ನು ನನ್ನದರ ಪಕ್ಕ ಇಟ್ಟು ನೋಡಿದೆ. ಅವರದರಲ್ಲಿ ಒಂದು ಸಾಲು ಹೆಚ್ಚಿತ್ತು. ಆ್ಯಪ್ ಬಂದು ಸೇರಿದಾಗ ಮೊದಲು ಬೋರ್ಡು ತನ್ನ ಅಂಕಿಯನ್ನು ಅದಕ್ಕೆ ಹೇಳಲಿ, ಆಮೇಲೆ ಅದರ ಮಾತು ಕೇಳಲಿ ಎನ್ನುವ ಸಾಲು. ನಾನೇ ಅಳಿಸಿದ್ದೆ. ಅದೇನೆಂದು ತಿಳಿದಿರಲಿಲ್ಲ, ಅಳಿಸಿದರೂ ಫ್ಯಾನು ತಿರುಗಿತ್ತು.

ಸಾಲನ್ನು ಮತ್ತೆ ಸೇರಿಸಿ ಬೋರ್ಡಿಗೆ ಹಾಕಿದೆ. ನೂರಿಪ್ಪತ್ತಕ್ಕೆ ಇಟ್ಟು ಇಪ್ಪತ್ತು ಸಲ ಮುಚ್ಚಿ ತೆರೆದೆ. ಗುಂಡಿ ಅಲ್ಲೇ ಇತ್ತು. ಕಾವು ಏರುತ್ತಾ ಬಂದು ನೂರಿಪ್ಪತ್ತರಲ್ಲಿ ನಿಂತಿತು. ಅಣ್ಣನೂ ಐದಾರು ಸಲ ಮುಚ್ಚಿ ತೆರೆದು ನೋಡಿದರು. ಕಡೆಗೊಮ್ಮೆ ಜೇಬಿಗೆ ಹಾಕಿಕೊಂಡು ಹೊಲದ ಬದುವಿನವರೆಗೂ ಹೋಗಿ ಬಂದು ತೆರೆದರು.

“ಬೇಗ ಬೇಗ ಕಟ್ರವ್ವ, ನಾಳೆ ತುಂಬ್ಸೋಣ. ಪೆಟ್ಟಿಗೆ ಇರ್ಲಿ” ಎಂದು ಚಪ್ಪರದ ಕಡೆ ಕೂಗಿದರು. ಆಮೇಲೆ ನನ್ನ ಕಡೆ ತಿರುಗಿದರು. “ಅದ್ಸರಿ, ಏನಾಗಿತ್ಲಾ ಇದ್ಕೆ? ಯಾರ್ದು ತಪ್ಪು, ಯೋಳು. ಎಲ್ರೂ ಕೇಳ್ಲಿ.”

ಹೆಂಗಸರ ಕೈ ಮತ್ತೆ ನಿಂತಿತು. ಗುರುಶಾಂತಮ್ಮನವರೂ ಕಾಫಿ ಲೋಟ ಹಿಡಿದು ನಿಂತರು.

ಕಣ್ಣು ಬೀಳಬಾರದೆಂದು ನೀವು ಮುಚ್ಚಿದಿರಲ್ಲ, ಅದಕ್ಕೇ ಸೊಪ್ಪು ಕೆಟ್ಟಿತು ಎನ್ನಬಹುದಿತ್ತು. ಸುಳ್ಳಲ್ಲ. ನಾನು ಒಂದು ಸಾಲು ಅಳಿಸಿದ್ದೆ ಎನ್ನಬಹುದಿತ್ತು. ಅದೂ ಸುಳ್ಳಲ್ಲ. ಫೋನು ಹೇಳಿದ್ದನ್ನೇ ಮೊದಲು ನಂಬು ಎಂದು ಬರೆದ, ಮುಖ ಕಾಣದ ಆ ಲೈಬ್ರರಿಯವನನ್ನು ಬೈಯಬಹುದಿತ್ತು. ಮೂರರಲ್ಲಿ ಯಾವುದು ನಿಜವಾದ ತಪ್ಪು ಎಂದು ಯೋಚಿಸಿದಷ್ಟೂ ತಲೆ ಕೆಟ್ಟಿತು. ನನಗೇ ತಿಳಿಯದ್ದನ್ನು ಈ ಎಂಟು ಜನರ ಮುಂದೆ ಯಾಕೆ ಹೇಳಬೇಕು?

“ಯೋಳ್ಲಾ, ಬಾಯಿಲ್ವಾ?”

ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿದೆ. ಸ್ಕ್ರೂ ಡ್ರೈವರ್ ಜೇಬಿಗಿಟ್ಟೆ. ಚಪ್ಪರ ದಾಟಿ, ಹಸಿ ಸೊಪ್ಪಿನ ರಾಶಿ ಬಳಸಿ, ಬೈಕ್ ನಿಲ್ಲಿಸಿದ್ದ ರಸ್ತೆ ಕಡೆಗೆ ನಡೆದೆ.