ಹೂವಿನ ನೈಟಿ

ಬಾಗಿಲು ತೆರೆದದ್ದೇ ತಡ, ಕೋಳಿಗಳೆಲ್ಲ ಒಟ್ಟಿಗೆ ಹಾರಿ ಗೂಡಿನ ಬಲೆಗೆ ಬಡಿದುಕೊಂಡವು. ಕಾಳಿನ ಬೋಗುಣಿ ಮಗುಚಿತು. ಮೂಲೆಯಲ್ಲಿದ್ದ ಮೊಟ್ಟೆಯೊಂದು ಕಾಲಿಗೆ ಸಿಕ್ಕಿ ಪಚಕ್ಕೆಂದಿತು.

"ಜೀವಮಾನವೆಲ್ಲ ಬಸ್ಸು ತುಂಬ ಜನರನ್ನ ಸಂಭಾಳಿಸಿದೀನಿ. ಇವು ನನ್ನ ಕಂಡ್ರೆ ಕಳ್ಳನ್ನ ಕಂಡ ಹಾಗೆ ಆಡ್ತಾವಲ್ಲ!" ಎಂದು ನಿವೃತ್ತ ಡ್ರೈವರ್ ಗೊಣಗುತ್ತ ಹೊರಬಂದ.

"ಅಕ್ಕನ ಕೈಯಲ್ಲಿ ಬೆಳೆದವು ಭಾವ," ಎಂದಳು, ಪಕ್ಕದ ಮನೆಯ ಜಗುಲಿಯಲ್ಲಿ ಬಟ್ಟೆ ಹೊಲಿಯುತ್ತಿದ್ದವಳು. "ಹೀಗೇ ಬೆದರ್ತಿದ್ರೆ ಮೊಟ್ಟೆ ಇಡೋದನ್ನೇ ಬಿಟ್ಟುಬಿಡ್ತಾವೆ."

ಅಕ್ಕ, ಅಂದರೆ ಅವನ ಹೆಂಡತಿ, ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಆಸ್ಪತ್ರೆಯಿಂದ ಬಂದಾಗಿನಿಂದ ಗೋಡೆಯ ಕಡೆಗೇ ಮುಖ. ಅವನು ಊರೂರು ಸುತ್ತುತ್ತಿದ್ದಷ್ಟು ಕಾಲವೂ ಮರಿಗಳಿಗೆ ದೀಪದ ಶಾಖ ಕೊಟ್ಟು, ರೋಗ ಬಂದವನ್ನು ಮಡಿಲಲ್ಲಿಟ್ಟುಕೊಂಡು ಸಾಕಿದವಳು ಅವಳೇ.

"ನನ್ನಿಂದಾಗಲ್ಲ ಕಣೇ," ಎಂದ ಅವನು, ಮಂಚದ ಬಳಿ ನಿಂತು. "ಮಾಂಸದಂಗಡಿಯವನಿಗೆ ಕೊಟ್ಟುಬಿಡ್ಲಾ?"

ಅವಳು ಸರಕ್ಕನೆ ತಿರುಗಿದಳು. ಕಣ್ಣು ತುಂಬಿತ್ತು. ಎಡಗೈ ಎತ್ತಿ ಗೋಡೆಯ ಮೊಳೆಯತ್ತ ತೋರಿಸಿದಳು. ಅಲ್ಲಿ, ಅವಳು ಗೂಡಿಗೆ ಹೋಗುವಾಗಲೆಲ್ಲ ತೊಡುತ್ತಿದ್ದ ಹಳೆಯ ಹೂವಿನ ನೈಟಿ ನೇತಾಡುತ್ತಿತ್ತು.

ಚಳಿಯಿರಬೇಕೆಂದು ಅದನ್ನು ಅವಳಿಗೆ ಹೊದಿಸಿದ. ಅವಳು ತೆಗೆದು ಅವನ ಎದೆಗೇ ಎಸೆದಳು.

"ಒಗೀಬೇಕಾ?"

ಅವಳು ಲೊಚಗುಟ್ಟಿದಳು. ಬೆರಳು ಅವನನ್ನು ತೋರಿಸಿತು, ಆಮೇಲೆ ಕಿಟಕಿಯಾಚೆಯ ಗೂಡನ್ನು.

"ನಾನಾ? ಇದನ್ನಾ? ನೋಡ್ದೋರು ಏನಂದಾರು!"

ಬೆರಳು ಕೆಳಗಿಳಿಯಲಿಲ್ಲ.

ಪ್ಯಾಂಟಿನ ಮೇಲೇ ನೈಟಿ ತೊಟ್ಟು, ಹೊಟ್ಟೆ ಒಳಗೆಳೆದುಕೊಂಡು ಅವನು ಗೂಡು ಹೊಕ್ಕ. ಕೋಳಿಗಳು ಕತ್ತು ಚಾಚಿ ಒಮ್ಮೆ ನೋಡಿದವು. ಲೊಕ್ ಲೊಕ್ ಎನ್ನುತ್ತ ಮತ್ತೆ ಕಾಳಿಗೆ ಬಾಗಿದವು. ಕೆಂಪು ಹೇಂಟೆಯೊಂದು ಬಂದು ನೈಟಿಯ ಅಂಚನ್ನು ಕುಕ್ಕಿತು. ಅವನು ಉಸಿರು ಬಿಗಿಹಿಡಿದು ನಿಂತ.

"ಭಾವಾ, ಸೊಂಟದ ಹತ್ರ ಸ್ವಲ್ಪ ಹೊಲಿಗೆ ಬಿಚ್ಚಿ ಕೊಡ್ಲಾ?" ಜಗುಲಿಯಿಂದ ಕೂಗು ಬಂತು.

ಅದರ ಬೆನ್ನಿಗೇ ಕಿಟಕಿಯೊಳಗಿಂದ ವಿಚಿತ್ರ ಸದ್ದು. ಏನಾಯಿತೋ ಎಂದು ಅವನು ಒಳಗೆ ಓಡಿದ. ಅವಳು ನಗುತ್ತಿದ್ದಳು. ಅರ್ಧ ಬಾಯಿ ಮಾತ್ರ ಅರಳುತ್ತಿತ್ತು, ಮೈಯೆಲ್ಲ ಕುಲುಕುತ್ತಿತ್ತು.

"ನಗು, ನಗು. ಇನ್ನು ದಿನಾ ಇದೇ ವೇಷ ನಂಗೆ," ಎಂದು ಅವನು ಕಣ್ಣೊರೆಸಿಕೊಳ್ಳುತ್ತ ಮಂಚದ ಅಂಚಿಗೆ ಕೂತ.

ಅವಳು ಅವನ ಕತ್ತಿನ ಬಳಿ ನೋಡಿ ತಲೆಯಾಡಿಸಿದಳು. ಗುಂಡಿಗಳೆಲ್ಲ ಅಡ್ಡಾದಿಡ್ಡಿ. ಎಡಗೈಯೊಂದರಿಂದಲೇ ಅವನ್ನು ಬಿಚ್ಚಿ, ಒಂದೊಂದನ್ನೇ ಸರಿಯಾದ ಕಾಜಕ್ಕೆ ತೂರಿಸತೊಡಗಿದಳು. ಬೆರಳು ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದಳು. ಅವನು ಗದ್ದ ಮೇಲೆತ್ತಿ, ಅವಳು ಮುಗಿಸುವವರೆಗೂ ಅಲ್ಲಾಡದೆ ಕೂತಿದ್ದ.